ಎಲಿ ಹಳದಿ ಯಾಕಾತು? ಎರಡು ಹೊಳೆ ನಡುವಿನ ಲಿಂಬಿ ತೋಟಗಳ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ರಾಯಚೂರಿನಿಂದ ಮಾತಾಡ್ತಿದ್ದೀನಿ. ಇದು ಚರಿತ್ರೆಯ ಪಾಡ್‌ಕಾಸ್ಟು. ಆದರೆ ಇವತ್ತು ಕೋಟೆ, ಸುಲ್ತಾನರು, ಸಂಧಾನ ಯಾವುದೂ ನಡುವೆ ಬರೋದಿಲ್ಲ. ಬಂದರೂ ಒಂದು ನಿಮಿಷ ಬಂದು ಹೋಗ್ತಾರೆ. ಇವತ್ತಿನ ವಿಷಯ ಒಂದು ಎಲೆ. ಲಿಂಬಿ ಗಿಡದ ಎಲೆ. ಅದು ಹಳದಿ ಯಾಕಾಗ್ತೈತಿ ಅನ್ನೋದು ಪ್ರಶ್ನೆ.

ಇದರಾಗ ಚರಿತ್ರೆ ಏನೈತಿ ಅಂತ ನೀವು ಕೇಳಬಹುದು. ಐತಿ. ಈ ಒಂದು ಪ್ರಶ್ನೆಗೆ ಉತ್ತರ ಹುಡುಕೋಕೆ ಜಗತ್ತಿನ ವಿಜ್ಞಾನಿಗಳು ಸುಮಾರು ಅರ್ಧ ಶತಮಾನ ತಗೊಂಡರು. ಅಷ್ಟು ದಿನ ಹಸಿವನ್ನು ರೋಗ ಅಂದರು, ರೋಗವನ್ನು ಹಸಿವು ಅಂದರು. ಅದೇ ಗೊಂದಲ ಇವತ್ತಿಗೂ ದೇವದುರ್ಗ, ಮಾನ್ವಿ ಕಡೆಯ ತೋಟಗಳಲ್ಲಿ ಹಾಗೇ ಕೂತಿದೆ. ಅದರ ಬಿಲ್ಲು ಮಾತ್ರ ರೈತರ ಹೆಸರಿಗೆ ಬರ್ತಿದೆ. ನಾನು ಓದಿದ್ದು ಬಿ.ಕಾಂ. ಕೃಷಿ ವಿಜ್ಞಾನಿ ಅಲ್ಲ. ಹಾಗಾಗಿ ಬಿಲ್ಲಿನ ಕಡೆಯಿಂದಲೇ ಈ ಕಥೆಯನ್ನು ನೋಡ್ತೀನಿ.

ಎಡೆದೊರೆಯ ಮಣ್ಣು

ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ನಡುವೆ ನಮ್ಮ ನೆಲ. ಹಳೆಯ ಶಾಸನಗಳು ಇದನ್ನು ಎಡೆದೊರೆ ನಾಡು ಅಂತ ಕರೀತಾವೆ. ಎರಡು ತೊರೆಗಳ ಎಡೆ ಇರೋದಕ್ಕೆ ಎಡೆದೊರೆ. ಆಮೇಲೆ ಪಾರ್ಸಿ ಮಾತಿನ ದೋಆಬ್ ಬಂತು. ಇದಕ್ಕಾಗಿ ಬಹಮನಿಯವರು, ವಿಜಯನಗರದವರು, ಆದಿಲ್‌ಶಾಹಿಗಳು ಬಡಿದಾಡಿದ್ದು ಶಾಲೆಯಲ್ಲೇ ಓದಿದ್ದೀವಿ. 1520ರ ರಾಯಚೂರು ಯುದ್ಧದ ಹೊತ್ತಿಗೇ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ದೊಮಿಂಗೊ ಪಾಯಸ್ ಅಲ್ಲಿಯ ತೋಟಗಳ ಬಗ್ಗೆ ಬರೆದಿದ್ದಾನೆ. ನಿಂಬೆ, ಕಿತ್ತಳೆ ಗಿಡಗಳು ಒಂದಕ್ಕೊಂದು ತಾಗಿ ದಟ್ಟ ಕಾಡಿನ ಹಾಗೆ ಕಾಣ್ತಿದ್ದವಂತೆ. ಅಂದ್ರೆ ತುಂಗಭದ್ರೆಯ ದಂಡೆಗೆ ಹುಳಿ ಹಣ್ಣು ಹೊಸ ನೆಂಟ ಅಲ್ಲ.

ಆದರೆ ಒಂದು ವ್ಯತ್ಯಾಸ ನೆನಪಿಡ್ರಿ. ಪಾಯಸ್ ನೋಡಿದ್ದು ಹೊಳೆ ನೀರು ಹರಿಯೋ ತಗ್ಗಿನ ತೋಟಗಳನ್ನು. ನಮ್ಮ ಬಯಲು ಸೀಮೆಯ ಮಣ್ಣು ಬೇರೆ. ಇಲ್ಲಿ ಎರಡು ತರ. ಒಂದು ಮಸಾರಿ, ಕೆಂಪು, ಕಲ್ಲು ಗರಸು ಬೆರೆತದ್ದು. ಇನ್ನೊಂದು ಎರಿ, ಕಪ್ಪು, ಬ್ಯಾಸಗ್ಯಾಗ ಕಾಲು ಸಿಗೋವಷ್ಟು ಬಿರಿಯೋದು. ಎರಿ ಹೊಲ ಅಗೆದು ನೋಡಿದರೆ ಹಲವು ಕಡೆ ಬಿಳಿ ಹರಳು ಸಿಗ್ತಾವೆ. ಅದು ಸುಣ್ಣ. ಮಳೆ ಕಡಿಮೆ ಇರೋ ನಾಡಿನಲ್ಲಿ ಸುಣ್ಣ ತೊಳೆದು ಹೋಗೋದಿಲ್ಲ, ಮಣ್ಣಿನಲ್ಲೇ ಕೂತುಬಿಡ್ತದೆ. ಜೋಳ, ಕಡಲೆ, ಹತ್ತಿಗೆ ಇದರಿಂದ ದೊಡ್ಡ ತೊಂದರೆ ಇಲ್ಲ. ಲಿಂಬಿ, ಮೋಸಂಬಿಗೆ ಐತಿ. ಕಥೆಯ ಗಂಟು ಈ ಬಿಳಿ ಹರಳಿನಲ್ಲೇ ಇದೆ, ಮುಂದೆ ಬಿಚ್ಚೋಣ.

ಮೋಸಂಬಿ ಹೆಸರು ಆಫ್ರಿಕಾದ ಮೊಜಾಂಬಿಕ್‌ನಿಂದ ಬಂದದ್ದು ಅನ್ನೋದು ಸಾಮಾನ್ಯವಾಗಿ ಒಪ್ಪಿರೋ ಮಾತು. ನಮ್ಮಲ್ಲಿ ತೆಲುಗು ಮಾತಾಡೋ ಮನೆಗಳಲ್ಲಿ ಅದು ಬತ್ತಾಯಿ. 1948ರವರೆಗೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅದೇ ಸಂಸ್ಥಾನದ ಒಂದು ತುದಿ ಮರಾಠವಾಡಾ, ಜಾಲ್ನಾ ಮೋಸಂಬಿಯ ಊರು. ಇನ್ನೊಂದು ತುದಿ ತೆಲಂಗಾಣದ ನಲ್ಗೊಂಡ, ಸಾತ್ಗುಡಿ ಬತ್ತಾಯಿಯ ಊರು. ನಾವು ನಡುವೆ. 1871ರಲ್ಲಿ ಮುಂಬೈ ಕಡೆಯಿಂದ ಬಂದ ರೈಲು ಹಳಿ ಮದ್ರಾಸ್ ಕಡೆಯಿಂದ ಬಂದ ಹಳಿಯನ್ನು ಕೂಡಿದ್ದು ರಾಯಚೂರಿನಲ್ಲೇ. ಬೇಗ ಕೆಡೋ ಹಣ್ಣಿಗೆ ದೂರದ ಪೇಟೆ ಸಿಗೋದು ರೈಲಿನಿಂದಲೇ.

ದಖ್ಖನ್ನಿನ ರೈತರಿಗೆ ಈ ಗಿಡವನ್ನು ಆಳೋ ಒಂದು ವಿದ್ಯೆ ಮೊದಲಿನಿಂದಲೂ ಗೊತ್ತು. ನೀರು ಬಿಗಿ ಹಿಡಿದು, ಗಿಡವನ್ನು ಬಾಡಿಸಿ, ಆಮೇಲೆ ನೀರು ಬಿಟ್ಟು ಹೂ ತರಿಸೋದು. ಇದಕ್ಕೆ ಬಹಾರ್ ಹಿಡಿಯೋದು ಅಂತಾರೆ. ಮೃಗ ಬಹಾರ್, ಹಸ್ತ ಬಹಾರ್, ಅಂಬೆ ಬಹಾರ್ ಅಂತ ಮೂರು. ಮೊದಲಿನ ಎರಡು ಮಳೆ ನಕ್ಷತ್ರದ ಹೆಸರು, ನಮ್ಮ ಮಿರಗ, ಹಸ್ತ. ಬೇಸಿಗೆಯಲ್ಲಿ ಶರಬತ್ತಿನ ಅಂಗಡಿಗೆ ಬರೋ ಲಿಂಬಿ ಹೆಚ್ಚಾಗಿ ಹಸ್ತ ಬಹಾರಿನದು, ಅದಕ್ಕೇ ರೇಟು. ನೀರಿನ ವಿದ್ಯೆ ರೈತನ ಕೈಯಲ್ಲಿತ್ತು. ಎಲೆಯ ವಿದ್ಯೆ ಮಾತ್ರ ಜಗತ್ತಿನಲ್ಲಿ ಯಾರ ಕೈಯಲ್ಲೂ ಇರಲಿಲ್ಲ.

ಕಬ್ಬಿಣ ಹಾಕಿದರು, ಕೆಲಸ ಮಾಡಿದ್ದು ಸತು

ಈಗ ಸ್ವಲ್ಪ ದೂರ ಹೋಗಬೇಕು. 1930ರ ಆಸುಪಾಸು, ಅಮೆರಿಕದ ಕ್ಯಾಲಿಫೋರ್ನಿಯಾ. ಅಲ್ಲಿಯ ಹಣ್ಣಿನ ತೋಟಗಳಲ್ಲಿ ಒಂದು ಕಾಯಿಲೆ. ಹೊಸ ಎಲೆ ಸಣ್ಣದಾಗಿ, ಗೊಂಚಲು ಗೊಂಚಲಾಗಿ, ಹಳದಿಯಾಗಿ ಬರ್ತಿತ್ತು. ಕಿತ್ತಳೆ ಜಾತಿಯ ಗಿಡಗಳಲ್ಲೂ ಇದೇ ತರದ ಮಚ್ಚೆ ಎಲೆ. ಇದು ಅಂಟುರೋಗ ಅಂತ ಕೆಲವರು, ಮಣ್ಣಿನ ದೋಷ ಅಂತ ಕೆಲವರು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾಂಡ್ಲರ್, ಹೋಗ್ಲೆಂಡ್, ಹಿಬ್ಬಾರ್ಡ್ ಅನ್ನೋ ಮೂವರು ಗಿಡಗಳಿಗೆ ಕಬ್ಬಿಣದ ಸಲ್ಫೇಟ್ ಕೊಟ್ಟು ನೋಡಿದರು. ಕೆಲವು ಗಿಡ ಹಸಿರಾದವು. ಎಲ್ಲರೂ ಕಬ್ಬಿಣದ ಕೊರತೆ ಅಂದುಕೊಳ್ಳಬೇಕಿತ್ತು. ಆದರೆ ಶುದ್ಧವಾದ ಕಬ್ಬಿಣದ ಸಲ್ಫೇಟ್ ಕೊಟ್ಟಾಗ ಗಿಡ ಹಂದಲಿಲ್ಲ. ಅಗ್ಗದ, ಕಲಬೆರಕೆ ಮಾಲು ಕೊಟ್ಟಾಗ ಮಾತ್ರ ಗುಣ. ಕಲಬೆರಕೆಯಲ್ಲಿ ಏನಿತ್ತು ಅಂತ ಹುಡುಕಿದರೆ, ಸತು. ನಾವು ಜಿಂಕ್ ಅಂತೀವಲ್ಲ, ಅದೇ. 1931-32ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇನ್ನೊಂದೆರಡು ವರ್ಷದಲ್ಲಿ ಕಿತ್ತಳೆ, ನಿಂಬೆ ತೋಟಗಳಿಗೂ ಜಿಂಕ್ ಸಲ್ಫೇಟ್ ಸಿಂಪಡಣೆ ಬಂತು. ಜಿಂಕ್ ಸಲ್ಫೇಟಿನ ಹುಳಿ ಎಲೆಯನ್ನು ಸುಡಬಾರದು ಅಂತ ಅದಕ್ಕೆ ಸುಣ್ಣ ಬೆರೆಸ್ತಿದ್ದರು. ಇವತ್ತಿಗೂ ಆ ಪದ್ಧತಿ ಇದೆ.

ಕಾಮರ್ಸ್ ಓದಿದವನಿಗೆ ಈ ಕಥೆ ಆಡಿಟ್ ಕಥೆಯ ಹಾಗೆ ಕೇಳ್ತದೆ. ದುಡ್ಡು ಹೋದದ್ದು ಒಂದು ಖಾತೆಯಿಂದ, ಕೆಲಸ ಆದದ್ದು ಇನ್ನೊಂದು ಖಾತೆಯಿಂದ. ಮೂವರು ಕೂತು ಪ್ರತಿ ಎಂಟ್ರಿ ಬಿಚ್ಚಿ ನೋಡದಿದ್ದರೆ ಕ್ಯಾಲಿಫೋರ್ನಿಯಾ ಇನ್ನೂ ಎಷ್ಟು ದಿನ ಕಬ್ಬಿಣ ಸುರೀತಿತ್ತೋ.

ಎರಡನೇ ಘಟ್ಟ ಫ್ಲೋರಿಡಾದ್ದು. 1950ರ ದಶಕದ ಮೊದಲಲ್ಲಿ ಸ್ಟೀವರ್ಟ್ ಮತ್ತು ಲಿಯೊನಾರ್ಡ್ ಅನ್ನೋ ಸಂಶೋಧಕರು ಕಬ್ಬಿಣವನ್ನು ಇಡಿಟಿಎ ಎಂಬ ರಾಸಾಯನಿಕದ ಜತೆ ಕಟ್ಟಿ ಕೊಟ್ಟು ಸಿಟ್ರಸ್ ಗಿಡಗಳ ಹಳದಿ ನಿಲ್ಲಿಸಿದರು. ಇದನ್ನೇ ಚೀಲೇಟ್ ಅಂತಾರೆ. ಚೀಲೇಟ್ ಅಂದ್ರೆ ಕಬ್ಬಿಣಕ್ಕೆ ಒಂದು ಕವಚ, ಮಣ್ಣು ಅದನ್ನು ಹಿಡಿದು ಕೂಡಿಸಿಕೊಳ್ಳದ ಹಾಗೆ. ಇಲ್ಲೊಂದು ಸಣ್ಣ ಅಕ್ಷರದ ಷರತ್ತು ಇತ್ತು. ಫ್ಲೋರಿಡಾದ ಆ ತೋಟಗಳ ಮಣ್ಣು ಹುಳಿ ಮರಳು. ಸುಣ್ಣದ ಮಣ್ಣಿನಲ್ಲಿ ಇಡಿಟಿಎ ತನ್ನ ಕಬ್ಬಿಣವನ್ನು ಬಿಟ್ಟುಬಿಡ್ತದೆ, ಬದಲಿಗೆ ಸುಣ್ಣವನ್ನು ಹಿಡ್ಕೋತದೆ. ಸುಣ್ಣದ ಮಣ್ಣಿಗಾಗಿ ಆಮೇಲೆ ಇಡಿಡಿಎಚ್‌ಎ ಅನ್ನೋ ಬೇರೆ ಚೀಲೇಟ್ ಬಂತು, ಅದರ ಬೆಲೆಯೂ ಹೆಚ್ಚು. ಇವತ್ತು ಗೊಬ್ಬರದ ಅಂಗಡಿಯಲ್ಲಿ ಎರಡೂ ಒಂದೇ ಕಪಾಟಿನಲ್ಲಿರ್ತಾವೆ. ಚೀಟಿಯ ಮೇಲಿನ ನಾಲ್ಕು ಇಂಗ್ಲಿಷ್ ಅಕ್ಷರ ಓದದಿದ್ದರೆ ಎರಿ ಹೊಲದ ಬುಡಕ್ಕೆ ಫ್ಲೋರಿಡಾದ ಮದ್ದು ಹೋಗ್ತದೆ. ಬುಡಕ್ಕೆ ಹಾಕಿದ್ದು ಕೆಲಸ ಮಾಡೋದಿಲ್ಲ, ರೊಕ್ಕ ಮಾತ್ರ ಹೋಗ್ತದೆ.

1966: ಒಂದೇ ವರ್ಷ, ಎರಡು ಉಲ್ಟಾ ತೀರ್ಪು

ಈ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ವರ್ಷ 1966.

ಆ ವರ್ಷ ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿ ವೈ.ಎಲ್. ನೇನೆ ಅನ್ನೋ ವಿಜ್ಞಾನಿ ಭತ್ತದ ಒಂದು ಕಾಯಿಲೆಯ ಗುಟ್ಟು ಹೊರಹಾಕಿದರು. ಹಿಮಾಲಯದ ಬುಡದ ತರಾಯಿ ಪ್ರದೇಶದಲ್ಲಿ ಭತ್ತದ ಎಲೆಗೆ ತುಕ್ಕು ಬಣ್ಣದ ಕಲೆ ಬಂದು ಪೈರು ಕುಂಠಿತ ಆಗ್ತಿತ್ತು. ಹೆಸರು ಖೈರಾ ರೋಗ. ನೇನೆ ಅವರು ಸಸ್ಯರೋಗ ತಜ್ಞರು, ಅಂದ್ರೆ ರೋಗಾಣು ಹುಡುಕೋದೇ ಅವರ ಕಸುಬು. ಅವರು ಸಿಂಪಡಿಸಿದ ಜಿಂಕ್ ಸಲ್ಫೇಟ್‌ಗೆ ಪೈರು ಎದ್ದು ನಿಂತಿತು. ರೋಗ ಅಂದುಕೊಂಡದ್ದು ಹಸಿವಾಗಿತ್ತು. ಹೊಲದ ಭತ್ತಕ್ಕೆ ಸತುವಿನ ಕೊರತೆ ಆಗ್ತದೆ ಅಂತ ತೋರಿಸಿದ ಮೊದಲ ವರದಿ ಅದು.

ಅದೇ 1966ರಲ್ಲಿ ಆಸ್ಟ್ರೇಲಿಯಾದ ಲಿಲಿಯನ್ ಫ್ರೇಸರ್, ಭಾರತದ ವಿಜ್ಞಾನಿಗಳಾದ ಕಪೂರ್, ನಾರಿಯಾನಿ ಮೊದಲಾದವರ ಜತೆ ಸೇರಿ ಇನ್ನೊಂದು ವರದಿ ಕೊಟ್ಟರು. ನಮ್ಮ ದೇಶದ ಸಿಟ್ರಸ್ ತೋಟಗಳು ತುದಿಯಿಂದ ಒಣಗಿ ಸಾಯೋದಕ್ಕೆ ಕಾರಣ ಏನು? ಬಹಳ ಜನ ಮಣ್ಣು, ಗೊಬ್ಬರ, ಆರೈಕೆ ಸಾಲದು ಅಂತಿದ್ದರು. ಎಲೆ ನೋಡಿದರೆ ಥೇಟ್ ಸತುವಿನ ಕೊರತೆ. ಫ್ರೇಸರ್ ತಂಡ ಹೇಳಿದ್ದು, ಇದರ ಹಿಂದೆ ಗ್ರೀನಿಂಗ್ ಎಂಬ ಅಂಟುರೋಗ ಇರೋ ಸಾಧ್ಯತೆ ದೊಡ್ಡದು ಅಂತ. ಆಗ ಅದನ್ನು ವೈರಸ್ ಅಂದುಕೊಂಡಿದ್ದರು, ನಂತರ ಅದು ಬ್ಯಾಕ್ಟೀರಿಯಾ ಅಂತ ಗೊತ್ತಾಯ್ತು. ಎಳ್ಳಿನಷ್ಟು ಸಣ್ಣ ಸಿಲ್ಲಾ ಹುಳು ಅದನ್ನು ಗಿಡದಿಂದ ಗಿಡಕ್ಕೆ ಒಯ್ತದೆ. ಕಸಿ ಕಡ್ಡಿಯಿಂದಲೂ ಹರಡ್ತದೆ. ಚೀನಾದಲ್ಲಿ ಲಿನ್ ಕುಂಗ್‌ಶಿಯಾಂಗ್ 1956ರಲ್ಲೇ ಇದು ಅಂಟುರೋಗ ಅಂತ ತೋರಿಸಿದ್ದರು. ದಕ್ಷಿಣ ಆಫ್ರಿಕಾದಲ್ಲಿ ವರ್ಷಗಟ್ಟಲೆ ಇದನ್ನು ಪೋಷಕಾಂಶದ ಏರುಪೇರು ಅಂತಲೇ ನೋಡಿ, 1965ರ ಹೊತ್ತಿಗೆ ರೋಗ ಅಂತ ಒಪ್ಪಿಕೊಂಡರು.

ನೋಡ್ರಿ ಹೆಂಗೈತಿ. ಭತ್ತದಲ್ಲಿ ರೋಗ ಅಂದದ್ದು ಹಸಿವು. ಸಿಟ್ರಸ್ಸಿನಲ್ಲಿ ಹಸಿವು ಅಂದದ್ದು ರೋಗ. ಎರಡೂ ಒಂದೇ ವರ್ಷ, ಒಂದೇ ದೇಶ. ಎರಡರ ನಡುವೆಯೂ ಅದೇ ಸತು.

ಈ ತಡವಾದ ತೀರ್ಪಿನ ಬೆಲೆ ಏನು ಅಂತ ನಮ್ಮ ರಾಜ್ಯದಲ್ಲೇ ನೋಡಬೇಕಂದ್ರೆ ಕೊಡಗಿಗೆ ಹೋಗಬೇಕು. ಕಾಫಿ ತೋಟದ ನಡುವೆ ಬೆಳೀತಿದ್ದ ಕೊಡಗಿನ ಕಿತ್ತಳೆ ಒಂದು ಕಾಲಕ್ಕೆ ಅಲ್ಲಿಯ ಮನೆಮನೆಯ ಆದಾಯ. ಗ್ರೀನಿಂಗ್, ಟ್ರಿಸ್ಟೆಜಾ ಅನ್ನೋ ರೋಗಗಳು, ಜತೆಗೆ ಆರೈಕೆಯ ಕೊರತೆ ಸೇರಿ ಅದು ಬಹುಪಾಲು ಹೋಯ್ತು. ಈಗ ಅದಕ್ಕೆ ಭೌಗೋಳಿಕ ಸೂಚಿಕೆಯ ಪಟ್ಟ ಇದೆ. ಪಟ್ಟ ಇದೆ, ಹಣ್ಣು ಮಾತ್ರ ಹುಡುಕಬೇಕು.

ಕಾಲುವಿ ಬಂತು, ಚೀಲನೂ ಬಂತು

ಈಗ ಮನೆಗೆ ಬರೋಣ. 1937ರಲ್ಲಿ ತುಂಗಭದ್ರೆಯ ಆಚೆ ದಂಡೆಯ ಸಿರುಗುಪ್ಪದಲ್ಲಿ ಮದ್ರಾಸ್ ಸರ್ಕಾರ ಒಂದು ಕೃಷಿ ಸಂಶೋಧನಾ ಕೇಂದ್ರ ಶುರು ಮಾಡಿತು. ಉದ್ದೇಶ ಒಂದೇ. ಮುಂದೆ ಅಣೆಕಟ್ಟು ಕಟ್ಟಿ ಎರಿ ಭೂಮಿಗೆ ಕಾಲುವೆ ನೀರು ಬಿಟ್ಟರೆ ಆ ಮಣ್ಣು ತಡ್ಕೊಳ್ತದೋ ಇಲ್ಲೋ ನೋಡೋದು. ಅಂದ್ರೆ ಆಗಿನವರಿಗೂ ಈ ಮಣ್ಣಿನ ಬಗ್ಗೆ ಅನುಮಾನ ಇತ್ತು. 1945ರಲ್ಲಿ ಹೈದರಾಬಾದ್, ಮದ್ರಾಸ್ ಎರಡೂ ಕೂಡಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರು ಮಾಡಿದವು. 1953ರಲ್ಲಿ ನೀರು ಬಂತು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿನವರೆಗೆ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕೃಷ್ಣಾ ಮೇಲ್ದಂಡೆಗೆ 1964ರಲ್ಲಿ ಅಡಿಗಲ್ಲು ಬಿತ್ತು, ನಾರಾಯಣಪುರದ ಬಲದಂಡೆ ನೀರು ದೇವದುರ್ಗದ ಕಡೆ ಬರೋದಕ್ಕೆ ಇನ್ನೂ ಬಹಳ ವರ್ಷ ಹಿಡೀತು.

ತುಂಗಭದ್ರಾ ಯೋಜನೆಯ ಮೂಲ ಲೆಕ್ಕ ಅರೆ ನೀರಾವರಿ. ಸ್ವಲ್ಪ ಸ್ವಲ್ಪ ನೀರು, ಹೆಚ್ಚು ಜನಕ್ಕೆ, ಬರ ತಪ್ಪಿಸೋದಕ್ಕೆ. ಆದರೆ ಮೇಲ್ಭಾಗದಲ್ಲಿ ಭತ್ತ ನಿಂತಿತು. ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪುಗಳು ಎದ್ದವು, ನಮ್ಮವರೂ ನೋಡಿ ಕಲಿತರು. ಮೇಲಿನವರಿಗೆ ನೀರು ಹೆಚ್ಚಾಗಿ ಮಣ್ಣು ಜವುಳು ಹಿಡೀತು, ಸೌಳು ಎದ್ದಿತು. ಕೆಳಗಿನ ಮಾನ್ವಿ, ರಾಯಚೂರಿನ ಕೊನೇ ಭಾಗದವರು ನೀರಿಗಾಗಿ ರಸ್ತೆಗೆ ಬಂದರು. ಈ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಜವುಳು, ಸೌಳಿನಿಂದ ಕೆಟ್ಟಿದೆ ಅನ್ನೋ ಅಂದಾಜು ಇದೆ. ಗಂಗಾವತಿಯ ಸಂಶೋಧನಾ ಕೇಂದ್ರ ಈ ಸೌಳು ಭೂಮಿಯ ಮೇಲೇ ಕೆಲಸ ಮಾಡ್ತಿದೆ.

ಲಿಂಬಿಗೂ ಇದಕ್ಕೂ ಏನು ಸಂಬಂಧ? ಎರಡು ಸಂಬಂಧ. ಮೊದಲನೇದು ನೀರಿನದು. ಲಿಂಬಿ, ಮೋಸಂಬಿ ಬೇರು ಉಸಿರಾಡಬೇಕು. ಬುಡದಲ್ಲಿ ನೀರು ನಿಂತರೆ ಬೇರು ಕೊಳೀತದೆ, ಕಾಂಡದಿಂದ ಅಂಟು ಸುರೀತದೆ. ಬೇರು ಸತ್ತ ಗಿಡಕ್ಕೆ ನೀವು ಚಿನ್ನದ ಗೊಬ್ಬರ ಹಾಕಿದರೂ ಎಲೆ ಹಳದಿಯೇ.

ಎರಡನೇದು ಚೀಲದ್ದು. ಭತ್ತದ ಜತೆ ಯೂರಿಯಾ, ಡಿಎಪಿ ಚೀಲ ಹಾಕೋ ರೂಢಿ ಬಂತು, ಅದು ಗದ್ದೆಯಿಂದ ತೋಟಕ್ಕೂ ದಾಟಿತು. ಡಿಎಪಿಯಲ್ಲಿರೋ ರಂಜಕ ಜಾಸ್ತಿಯಾದರೆ ಗಿಡಕ್ಕೆ ಸತು ಸಿಗೋದು ಇನ್ನೂ ಕಡಿಮೆ ಆಗ್ತದೆ. ಬೆಲೆಯೂ ಇದಕ್ಕೆ ದಾರಿ ಮಾಡಿಕೊಟ್ಟಿತು. 2010ರ ಏಪ್ರಿಲ್‌ನಿಂದ ಪೋಷಕಾಂಶ ಆಧರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟು ಬೆಲೆ ಕಟ್ಟಿಹಾಕಿದರು. 45 ಕೆಜಿ ಚೀಲ ಇವತ್ತಿಗೂ 270 ರೂಪಾಯಿ ಒಳಗೆ. ಸತು ಬೆರೆಸಿದ ಗೊಬ್ಬರಕ್ಕೆ ಟನ್ನಿಗೆ 500 ರೂಪಾಯಿ, ಬೋರಾನ್ ಬೆರೆಸಿದ್ದಕ್ಕೆ 300 ರೂಪಾಯಿ ಹೆಚ್ಚುವರಿ ಸಬ್ಸಿಡಿ ಇಟ್ಟರು. ಟನ್ನಿಗೆ 500 ಅಂದ್ರೆ 50 ಕೆಜಿ ಚೀಲಕ್ಕೆ 25 ರೂಪಾಯಿ. ಅಗ್ಗ ಇದ್ದದ್ದನ್ನು ಜನ ಹೆಚ್ಚು ಹಾಕ್ತಾರೆ. ಇದು ಮೊದಲ ವರ್ಷದ ಅರ್ಥಶಾಸ್ತ್ರದ ಪಾಠ.

ಆಸ್ತಿ ಐತಿ, ಕೈಯಾಗ ರೊಕ್ಕ ಇಲ್ಲ

ಈ ಸಂಚಿಕೆಗಾಗಿ ದೇವದುರ್ಗ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ನಾಲ್ಕು ಎಕರೆ ಲಿಂಬಿ, ಒಂಬತ್ತು ವರ್ಷದ ಗಿಡ. ಹೊಸ ಚಿಗುರೆಲ್ಲ ಬಿಳಿಚು ಹಳದಿ, ನರ ಮಾತ್ರ ಹಸಿರು ಬಲೆಯ ಹಾಗೆ. ಯಜಮಾನ ಅಂಗಡಿಯ ಚೀಟಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿ ಇಟ್ಟಿದ್ದರು.

"ಕಾಕಾ, ಇಷ್ಟು ಎಣ್ಣಿ ಯಾಕ ಹೊಡದ್ರಿ?" ಅಂತ ಕೇಳಿದೆ.

"ಎಲಿ ಒಯ್ದು ತೋರ್ಸಿದ್ನೆಪಾ. ರೋಗ ಅಂದ್ರು, ಕೊಟ್ರು. ಆ ಮ್ಯಾಲ ಹುಳ ಅಂದ್ರು, ಕೊಟ್ರು. ಕಡೀಗೆ ಬಲ ಇಲ್ಲ ಅಂದ್ರು, ಯೂರಿಯಾ ಹಾಕ್ದೆ. ಈ ಸಲ ಹಸಿರಾಗಲಿಲ್ಲಂದ್ರ ಜೆಸಿಬಿ ತರ್ಸತೀನಿ ತಮ್ಮಾ. ಕಾಲುವಿ ನೀರ್ ಐತಿ, ನೆಲ್ಲ ಹಚ್ಚತೀನಿ."

ಚೀಟಿಗಳನ್ನು ನಾನು ತಾರೀಖಿನ ಪ್ರಕಾರ ಜೋಡಿಸಿದೆ. ಎರಡು ವರ್ಷದಲ್ಲಿ ಹದಿನಾಲ್ಕು ಚೀಟಿ. ಕೀಟನಾಶಕ, ಶಿಲೀಂಧ್ರನಾಶಕ, ಟಾನಿಕ್ಕು, ಯೂರಿಯಾ. ಮಣ್ಣು ಪರೀಕ್ಷೆಯದು ಒಂದೂ ಇಲ್ಲ. ಬಹುಪಾಲು ಉದ್ರಿ.

ಅವರ ಹೊಲದ ಮಣ್ಣು ಕೆಂಪು ಬೆರೆತ ಎರಿ. ಮಣ್ಣಿಗೆ ಆ ಕೆಂಪು ಬಣ್ಣ ಕೊಡೋದೇ ಕಬ್ಬಿಣ. ಕಬ್ಬಿಣದ ಮೇಲೆ ನಿಂತಿರೋ ಗಿಡ ಕಬ್ಬಿಣಕ್ಕಾಗಿ ಹಸೀತಿದೆ. ಇದು ಹೇಗೆ? ಕಾಮರ್ಸಿನಲ್ಲಿ ಇದಕ್ಕೆ ಬಹಳ ಸರಳ ಉದಾಹರಣೆ ಇದೆ. ಹತ್ತು ಎಕರೆ ಜಮೀನು ಇರ್ತದೆ, ಆದರೆ ಮಗಳ ಫೀಸು ಕಟ್ಟೋಕೆ ಕೈಯಲ್ಲಿ ಸಾವಿರ ರೂಪಾಯಿ ಇರೋದಿಲ್ಲ. ಆಸ್ತಿ ಐತಿ, ರೊಕ್ಕ ಇಲ್ಲ. ಬಡವ ಅಲ್ಲ, ಆದರೂ ಕೈ ಖಾಲಿ. ಸುಣ್ಣದ ಮಣ್ಣು ಥೇಟ್ ಹಾಗೆ. ಮಣ್ಣಿನ ಪಿಎಚ್ ಒಂದು ಅಂಕ ಏರಿದರೆ ನೀರಿನಲ್ಲಿ ಕರಗೋ ಕಬ್ಬಿಣ ಸಾವಿರ ಪಟ್ಟು, ಸತು ನೂರು ಪಟ್ಟು ಕುಸೀತದೆ. ಎರಿ ಭೂಮಿಯ ಪಿಎಚ್ ಹೆಚ್ಚಾಗಿ 8ರ ಮೇಲೆ. ಸಿಟ್ರಸ್ ಆರಾಮಾಗಿರೋದು 6ರಿಂದ 7ರ ಆಸುಪಾಸು. ಅದರ ಮೇಲೆ ಸೌಳು ಬೋರ್ ನೀರು ಬಿಟ್ಟರೆ, ಅದರಲ್ಲಿರೋ ಬೈಕಾರ್ಬೊನೇಟ್ ಇನ್ನೊಂದು ಬೀಗ ಹಾಕ್ತದೆ.

ಜರ್ಮನಿಯ ಲೀಬಿಗ್ 1840ರ ಸುಮಾರಿಗೆ ಪ್ರಚಾರಕ್ಕೆ ತಂದ ಒಂದು ನಿಯಮ ಇದೆ. ಅದಕ್ಕೂ ಮುಂಚೆ ಸ್ಪ್ರೆಂಗೆಲ್ ಹೇಳಿದ್ದ. ಬೆಳೆಯ ಇಳುವರಿಯನ್ನು ನಿರ್ಧರಿಸೋದು ಹೆಚ್ಚಿಗೆ ಇರೋ ಪೋಷಕಾಂಶ ಅಲ್ಲ, ಎಲ್ಲಕ್ಕಿಂತ ಕಡಿಮೆ ಇರೋದು. ಕಬ್ಬಿಣ ಇಲ್ಲದ ಗಿಡಕ್ಕೆ ಯೂರಿಯಾ ಹಾಕೋದು, ಉಪ್ಪಿಲ್ಲದ ಸಾರಿಗೆ ಇನ್ನಷ್ಟು ಬ್ಯಾಳಿ ಹಾಕಿದಂಗ.

ಕಾರ್ಡು ಹೇಳಿದ್ದು, ಹೇಳದೇ ಬಿಟ್ಟದ್ದು

ಸರ್ಕಾರಗಳು ಏನೂ ಮಾಡಲಿಲ್ಲ ಅನ್ನೋ ಹಾಗಿಲ್ಲ. 2008ರಲ್ಲಿ ಧಾರವಾಡದಿಂದ ಬೇರೆಯಾಗಿ ರಾಯಚೂರಿಗೆ ತನ್ನದೇ ಕೃಷಿ ವಿಶ್ವವಿದ್ಯಾಲಯ ಬಂತು. 2009ರಲ್ಲಿ ರಾಜ್ಯ ಸರ್ಕಾರ ಹೈದರಾಬಾದಿನ ಇಕ್ರಿಸ್ಯಾಟ್ ಜತೆ ಭೂಚೇತನ ಶುರು ಮಾಡಿತು. ಮೊದಲು ಆರು ಜಿಲ್ಲೆ, ಮೂರನೇ ವರ್ಷಕ್ಕೆ ರಾಜ್ಯದ 30 ಜಿಲ್ಲೆ. ಮಣ್ಣಿನ ಮಾದರಿ ತೆಗೆದು ನೋಡಿದಾಗ ಸತು, ಬೋರಾನ್, ಗಂಧಕದ ಕೊರತೆ ರಾಜ್ಯದ ಉದ್ದಗಲಕ್ಕೂ ಕಂಡಿತು. ರೈತ ಸಂಪರ್ಕ ಕೇಂದ್ರಗಳಲ್ಲಿ ಜಿಂಕ್, ಬೋರಾನ್, ಜಿಪ್ಸಂ ಅರ್ಧ ಬೆಲೆಗೆ ಸಿಕ್ಕವು. ಯೂರಿಯಾ, ಡಿಎಪಿ ಬಿಟ್ಟು ಬೇರೆ ಹೆಸರುಗಳು ನಮ್ಮ ಹಳ್ಳಿಯ ಮಾತಿನಲ್ಲಿ ಸೇರಿಕೊಂಡದ್ದರಲ್ಲಿ ಇದರ ಪಾಲು ದೊಡ್ಡದು. ಆದರೆ ಭೂಚೇತನದ ಗಮನ ಮಳೆ ಆಶ್ರಿತ ಹೊಲದ ಬೆಳೆಗಳ ಮೇಲಿತ್ತು. ತೋಟ ಅದರ ಮುಖ್ಯ ಲೆಕ್ಕದಲ್ಲಿ ಇರಲಿಲ್ಲ.

2015ರ ಫೆಬ್ರುವರಿಯಲ್ಲಿ ಕೇಂದ್ರದ ಮಣ್ಣು ಆರೋಗ್ಯ ಕಾರ್ಡ್ ಬಂತು. 12 ಅಂಶಗಳ ಪರೀಕ್ಷೆ, ಅದರಲ್ಲಿ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಎಲ್ಲ ಸೇರಿವೆ. ಒಳ್ಳೆಯ ಕೆಲಸ. ಆದರೆ ನೀರಾವರಿ ಪ್ರದೇಶದಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ. ಹೊಲದ ಬೆಳೆಗೆ ಮಣ್ಣು ತೆಗೆಯೋದು ಮೇಲಿನ 15 ಸೆಂಟಿಮೀಟರ್ ಆಳದಿಂದ. ಗಿಡದ ಬೇರು ಅದಕ್ಕಿಂತ ಕೆಳಗೂ ಇರ್ತದೆ, ಸುಣ್ಣದ ಹರಳೂ ಹಲವು ಕಡೆ ಕೆಳಗೇ ಇರ್ತದೆ. ಮೇಲಿನ ಮಣ್ಣು ಪಾಸು ಅಂದರೂ ಕೆಳಗಿನ ಮಣ್ಣು ನಪಾಸು ಇರಬಹುದು. ಅದಕ್ಕೇ ತೋಟಕ್ಕೆ ಮಣ್ಣಿನ ಜತೆ ಎಲೆ ಪರೀಕ್ಷೆಯೂ ಬೇಕು. ಹಣ್ಣಿಲ್ಲದ ರೆಂಬೆಯ 5ರಿಂದ 7 ತಿಂಗಳ ಎಲೆ ತೆಗೆದು ನೋಡೋದು. ಮಣ್ಣಿನ ಪರೀಕ್ಷೆ ಆಸ್ತಿಯ ಪಟ್ಟಿ ಕೊಡ್ತದೆ. ಎಲೆಯ ಪರೀಕ್ಷೆ ಗಿಡದ ಕೈಗೆ ನಿಜವಾಗಿ ಎಷ್ಟು ರೊಕ್ಕ ಬಂತು ಅನ್ನೋದನ್ನು ಹೇಳ್ತದೆ.

ಪರೀಕ್ಷೆಗೆ ಹೋಗೋ ಮೊದಲು ಕಣ್ಣಿನಿಂದಲೇ ಓದೋದು ಸಾಧ್ಯ. ಇದು ಆ ಅರ್ಧ ಶತಮಾನದ ಸಾರ, ಬರೆದಿಟ್ಟುಕೊಳ್ರಿ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಬಲೆ: ಕಬ್ಬಿಣ. ಹೊಸ ಎಲೆ ಸಣ್ಣದು, ಚೂಪು, ನರಗಳ ನಡುವೆ ಹಳದಿ ಮಚ್ಚೆ: ಸತು. ಎಲೆಯ ಅಳತೆ ಸರಿ ಇದ್ದು ನರದ ಅಕ್ಕಪಕ್ಕ ಅಗಲವಾದ ಹಸಿರು ಪಟ್ಟಿ: ಮ್ಯಾಂಗನೀಸ್. ಹಳೇ ಎಲೆ ಹಳದಿಯಾಗಿ ತೊಟ್ಟಿನ ಕಡೆ ಮಾತ್ರ ಮುಕ್ಕೋನಾಕಾರದ ಹಸಿರು ಉಳಿದರೆ: ಮೆಗ್ನೀಷಿಯಂ. ಹಳೇ ಎಲೆ ಪೂರ್ತಿ ಒಂದೇ ಸಮ ಹಳದಿ: ಸಾರಜನಕ, ಯೂರಿಯಾಕ್ಕೆ ಕೆಲಸ ಇರೋದು ಇಲ್ಲಿ ಮಾತ್ರ.

ಹಸಿವೋ ರೋಗವೋ ಅಂತ ತಿಳಿಯೋದು ಹೇಗೆ? ಎಲೆಯನ್ನು ನಡು ನರದ ಮೇಲೆ ಮಡಚಿ ನೋಡ್ರಿ. ಎರಡೂ ಕಡೆ ಹಳದಿ ಒಂದಕ್ಕೊಂದು ಹೊಂದಿದರೆ ಬಹುತೇಕ ಹಸಿವು. ಒಂದು ಕಡೆ ಒಂದು ತರ, ಇನ್ನೊಂದು ಕಡೆ ಇನ್ನೊಂದು ತರ ಇದ್ದರೆ ಗ್ರೀನಿಂಗ್ ಅನುಮಾನ ಮಾಡಬೇಕು. ಹಸಿವು ಸಾಮಾನ್ಯವಾಗಿ ಹೊಲದ ಒಂದು ಪಟ್ಟಿಗೆ ಪಟ್ಟಿಯೇ ಬರ್ತದೆ. ಗ್ರೀನಿಂಗ್ ಹೆಚ್ಚಾಗಿ ಒಂದು ಗಿಡದ ಒಂದು ಕೊಂಬೆಯಿಂದ ಶುರು. ಹಣ್ಣು ಓರೆಯಾಗಿ, ಬೀಜ ಜೊಳ್ಳಾಗಿದ್ದರೆ ಅನುಮಾನ ಇನ್ನೂ ಗಟ್ಟಿ. ಆಗ ಸ್ಪ್ರೇ ಬೇಡ, ತೋಟಗಾರಿಕೆ ಇಲಾಖೆಯವರನ್ನೋ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕರೀರಿ. ಗ್ರೀನಿಂಗ್‌ಗೆ ಗುಣ ಮಾಡೋ ಮದ್ದು ಇನ್ನೂ ಇಲ್ಲ, ಆ ಗಿಡ ತೆಗೆದು ಉಳಿದದ್ದನ್ನು ಕಾಯಬೇಕು.

ಇನ್ನೊಂದು ಮಾತು ಬೇರುಗಿಡದ ಬಗ್ಗೆ. ಲಿಂಬಿಯನ್ನು ನಮ್ಮಲ್ಲಿ ಹೆಚ್ಚಾಗಿ ಬೀಜದಿಂದಲೇ ಎಬ್ಬಿಸ್ತಾರೆ. ಮೋಸಂಬಿಗೆ ಕಸಿ ಬೇಕು, ಕೆಳಗೆ ಜಂಬೇರಿ ಅಥವಾ ರಂಗಪುರ ನಿಂಬೆ. ಸುಣ್ಣ, ಸೌಳು ಎರಡನ್ನೂ ರಂಗಪುರ ಚೆನ್ನಾಗಿ ತಡ್ಕೊಳ್ತದೆ. 1937ರ ನಂತರ ಬ್ರೆಜಿಲ್‌ನಲ್ಲಿ ಟ್ರಿಸ್ಟೆಜಾ ರೋಗ ಲಕ್ಷಗಟ್ಟಲೆ ಕಿತ್ತಳೆ ಗಿಡ ಕೊಂದಾಗ ಅಲ್ಲಿಯವರು ಹಿಡಿದದ್ದೂ ಇದೇ ರಂಗಪುರದ ಬೇರನ್ನು. ನಮ್ಮ ಉಪಖಂಡದ ಹೆಸರು ಹೊತ್ತ ನಿಂಬೆ ಬ್ರೆಜಿಲ್ಲಿನ ಕಿತ್ತಳೆಯನ್ನು ಎತ್ತಿ ನಿಲ್ಲಿಸಿತು. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಸುಮ್ಮನೆ ಹುಟ್ಟಿಲ್ಲ. ಮಾನ್ವಿ, ದೇವದುರ್ಗದಲ್ಲಿ ಹೊಸ ತೋಟ ಹಾಕೋರು ಸಸಿ ಕೊಳ್ಳುವಾಗ ಮೇಲಿನ ತಳಿಯ ಹೆಸರು ಕೇಳ್ತಾರೆ, ಕೆಳಗಿನ ಬೇರು ಯಾವುದು ಅಂತ ಕೇಳೋರು ಕಮ್ಮಿ. ಕೇಳ್ರಿ.

ಜೆಸಿಬಿ ಕರೆಯೋ ಮುಂಚೆ

ಲಿಂಬಿ ಗಿಡ ಕಾಯಿ ಬಿಡೋಕೆ ನಾಲ್ಕೈದು ವರ್ಷ ಬೇಕು. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಕೊಡ್ತದೆ. ಒಂಬತ್ತನೇ ವರ್ಷದ ತೋಟ ಕೀಳೋದು ಅಂದ್ರೆ ಹಾಕಿದ ಬಂಡವಾಳ ಈಗಷ್ಟೇ ದುಡಿಯೋಕೆ ಶುರು ಮಾಡಿದಾಗ ಅಂಗಡಿ ಮುಚ್ಚಿದಂತೆ. ಅದರ ಜಾಗಕ್ಕೆ ಬರೋದು ಭತ್ತ. ಮೊದಲೇ ನೀರಿಗೆ ಜಗಳ ಇರೋ ಕಾಲುವೆಯ ಮೇಲೆ ಇನ್ನೊಂದು ನಾಲ್ಕು ಎಕರೆ ಭತ್ತ. ಪಕ್ಕದ ಹೊಲಕ್ಕೆ ಜವುಳು, ಕೆಳಗಿನವರಿಗೆ ನೀರಿಲ್ಲ. ಒಬ್ಬರ ತೋಟದ ಹಳದಿ ಎಲೆ ಕೊನೆಗೆ ಊರಿನ ಲೆಕ್ಕಕ್ಕೇ ಬಂದು ಕೂಡ್ತದೆ.

ನಮ್ಮ ಉತ್ತರಕ್ಕೇ ವಿಜಯಪುರ ಜಿಲ್ಲೆಯ ಇಂಡಿ ಐತಿ. ಮಳೆ ಕಮ್ಮಿ, ಎರಿ ಭೂಮಿ, ನಮ್ಮ ತರಾನೇ. ಆದರೂ ಇಂಡಿಯ ಲಿಂಬಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಅಲ್ಲೇ ಇದೆ. ಇಂಥ ಮಣ್ಣಿನಲ್ಲಿ ಲಿಂಬಿ ಆಗೋದೇ ಇಲ್ಲ ಅನ್ನೋ ಮಾತಿಗೆ ಇಂಡಿಯೇ ಉತ್ತರ. ಮಣ್ಣನ್ನು ಬದಲಿಸೋಕೆ ಆಗೋದಿಲ್ಲ, ಅದರ ಜತೆ ವ್ಯವಹಾರ ಮಾಡೋದು ಕಲೀಬಹುದು. ಮಣ್ಣು ಕೈಗೆ ಕೊಡದ ಸತು, ಕಬ್ಬಿಣವನ್ನು ಎಲೆಯ ಮೇಲೆ ಕೊಡೋದು ಒಂದು ದಾರಿ. ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಅದರ ಅರ್ಧ ಸುಣ್ಣ, ಹೊಸ ಚಿಗುರು ಬಲಿಯೋ ಮುಂಚೆ ಸಿಂಪಡಣೆ. ಇದು ಕ್ಯಾಲಿಫೋರ್ನಿಯಾದಿಂದ ಬಂದ ಹಳೇ ದಾರಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಎಲೆಗೆ ಸಿಂಪಡಿಸೋಕೆ ಅಂತಲೇ ಸಿಟ್ರಸ್ ಸ್ಪೆಷಲ್ ಅನ್ನೋ ಮಿಶ್ರಣ ಮಾಡಿದೆ. ತಿಪ್ಪೆಗೊಬ್ಬರ, ಹಸಿರೆಲೆ ಗೊಬ್ಬರ ಬುಡಕ್ಕೆ ಸೇರಿದಷ್ಟೂ ಮಣ್ಣಿನ ಬೀಗ ಸಡಿಲ ಆಗ್ತದೆ.

ಆ ಕಾಕಾ ಅವರ ಮಣ್ಣು, ಎಲೆ, ಬೋರ್ ನೀರು ಮೂರೂ ಈಗ ಪರೀಕ್ಷೆಗೆ ಹೋಗಿವೆ. ಫಲಿತಾಂಶ ಬರೋತನಕ ಜೆಸಿಬಿ ಬೇಡ ಅಂತ ಅವರ ಮಗ ಒಪ್ಪಿಸಿದ್ದಾನೆ. ಬಂದದ್ದು ಏನೇ ಇರಲಿ, ಮುಂದಿನ ಚೀಟಿ ಬರೆಸೋ ಮುಂಚೆ ಅವರ ಕೈಯಲ್ಲಿ ಒಂದು ಕಾಗದ ಇರ್ತದೆ.

ನಿಮ್ಮ ತೋಟದ ಎಲೆ ಹಳದಿ ಇದ್ದರೆ, ನಾಳೆ ಅಂಗಡಿಗೆ ಹೋಗೋ ಮುಂಚೆ ಮಡಚಿ ನೋಡ್ರಿ. ಬುಡದ ಮಣ್ಣು ಒಂದು ಹಿಡಿ ತಗೊಂಡು ಅದರ ಮೇಲೆ ನಿಮ್ಮದೇ ಗಿಡದ ಲಿಂಬಿ ಹಣ್ಣು ಹಿಂಡ್ರಿ. ಸಣ್ಣ ಗುಳ್ಳೆ ಎದ್ದರೆ ಸುಣ್ಣ ಬಹಳ ಐತಿ ಅಂತ ತಿಳೀರಿ, ಅಂಗಡಿಯವರಿಗೆ ಅದನ್ನೇ ಮೊದಲು ಹೇಳ್ರಿ. ಮುಂದಿನ ಸಂಚಿಕೆಯಲ್ಲಿ ಮಾನ್ವಿ ಕಡೆಯ ಕಾಲುವೆ ಕೊನೇ ಭಾಗದ ಕಥೆ ಮಾತಾಡೋಣ. ಅಲ್ಲಿವರೆಗೆ, ಬರ್ತೀನ್ರೀ.